ಚಿಕ್ಕಮಗಳೂರಿನಲ್ಲಿ ಕೂತು ಜೊತೆ ಹುಡುಕುವುದು: ಯಾವ ವಯಸ್ಸಿಗೆ ಯಾವ ಆ್ಯಪ್?

ಹೋದ ವರ್ಷ ಒಂದು ಮಂಗಳವಾರ ಸಂಜೆ, ಒಲೆ ಮೇಲೆ ಹಾಲಿಟ್ಟು ಟಿಂಡರ್ ಅನ್ನುವ ಡೇಟಿಂಗ್ ಆ್ಯಪ್ ತೆರೆದೆ. ವಯಸ್ಸು 35ರಿಂದ 45, ದೂರ 30 ಕಿಲೋಮೀಟರ್. ಹಾಲು ಉಕ್ಕುವಷ್ಟರಲ್ಲಿ ಚಿಕ್ಕಮಗಳೂರಿನ ಗಂಡಸರು ಮುಗಿದೇ ಹೋದರು. ಮೂರನೆಯ ಫೋಟೊ ಅಣ್ಣನ ಜೊತೆ ಕೆಲಸ ಮಾಡುವವರದ್ದು. ಐದನೆಯದು ನಮ್ಮ ಬೀದಿಯವರದ್ದೇ. ಅವರ ಹೆಂಡತಿ ಜೊತೆ ಅವತ್ತು ಬೆಳಿಗ್ಗೆ ತಾನೇ ಸೊಪ್ಪಿನ ಗಾಡಿ ಹತ್ತಿರ ಮಾತಾಡಿದ್ದೆ.

ಶನಿವಾರ ಅದೇ ಆ್ಯಪ್ ತೆರೆದರೆ ಜಾತ್ರೆ! ಮುಳ್ಳಯ್ಯನಗಿರಿ ನೋಡಲು ಬೆಂಗಳೂರಿನಿಂದ ಬಂದವರೆಲ್ಲ ಹೋಂಸ್ಟೇಯಲ್ಲಿ ಕಾಲು ಚಾಚಿ ಸ್ವೈಪ್ ಮಾಡುತ್ತಿರುತ್ತಾರೆ. ಸೋಮವಾರ ಬೆಳಿಗ್ಗೆ ನೋಡಿದರೆ ಅವರೆಲ್ಲ ಇನ್ನೂರು ಚಿಲ್ಲರೆ ಕಿಲೋಮೀಟರ್ ಆಚೆ.

ಡೇಟಿಂಗ್ ಆ್ಯಪ್‌ಗಳನ್ನು ಹೋಲಿಸುವ ಬರಹಗಳು ಬೇಕಾದಷ್ಟು ಸಿಗುತ್ತವೆ. ಅವೆಲ್ಲ ದೊಡ್ಡ ಊರಿನವರಿಗೆ. ಅಲ್ಲಿ ಮುಖ ಕಂಡರೂ ಗುರುತು ಸಿಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಯಾವ ಆ್ಯಪ್ ಚೆನ್ನಾಗಿದೆ ಅಂತ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದರಲ್ಲಿ ನಮ್ಮ ಸುತ್ತಮುತ್ತ ಎಷ್ಟು ಜನ ಇದ್ದಾರೆ? ನಾನು ಇಲ್ಲಿರುವುದು ಯಾರ ಕಣ್ಣಿಗೆ ಬೀಳುತ್ತದೆ? ಈ ಎರಡಕ್ಕೂ ಉತ್ತರ ವಯಸ್ಸಿನ ಜೊತೆ ಬದಲಾಗುತ್ತದೆ.

ಇದನ್ನು ಹೇಳಲು ನನಗೆ ಬೇರೆ ಅರ್ಹತೆ ಏನೂ ಇಲ್ಲ. ನಮ್ಮ ಕುಟುಂಬದಲ್ಲಿ ನಾಲ್ಕು ಜನ ಒಂಟಿಗಳಿದ್ದೇವೆ, ಅಷ್ಟೆ. ಅಣ್ಣನ ಮಗಳಿಗೆ 21, ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ದೊಡ್ಡಮ್ಮನ ಮಗನಿಗೆ 34, ಆಲ್ದೂರಿನ ಹತ್ತಿರ ನಾಲ್ಕು ಎಕರೆ ಕಾಫಿ ತೋಟ. ನನಗೆ 38, ಡಿವೋರ್ಸ್ ಆಗಿದೆ. ಮೂಡಿಗೆರೆ ಕಡೆಯ ಚಿಕ್ಕಮ್ಮನಿಗೆ 58. ಚಿಕ್ಕಪ್ಪ ತೀರಿಕೊಂಡು ಆರು ವರ್ಷವಾಯಿತು. ನಾಲ್ವರ ಫೋನಿನಲ್ಲೂ ಒಂದಲ್ಲ ಒಂದು ಆ್ಯಪ್ ಬಂದು ಹೋಗಿದೆ.

ಡೇಟಿಂಗ್ ಬೇರೆ, ಮ್ಯಾಟ್ರಿಮನಿ ಬೇರೆ

ನಮ್ಮ ಕಡೆ ಇವೆರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಸರ್ಕಾರ ಹಾಗೆ ಹಾಕಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಮದುವೆ ಸೈಟುಗಳಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ಇದು ಮದುವೆಗೆ ಮಾತ್ರ, ಡೇಟಿಂಗ್‌ಗೆ ಅಲ್ಲ ಅಂತ ಸೈಟಿನಲ್ಲೇ ಹಾಕಬೇಕು, ಸೇರುವವರ ಗುರುತಿನ ದಾಖಲೆ ಕೇಳಬೇಕು ಅಂತ ಅದರಲ್ಲಿದೆ. ಹಾಗಂತ ಮದುವೆ ಸೈಟಿನಲ್ಲಿ ಇರುವವರೆಲ್ಲ ಸಾಚಾ ಅಂದುಕೊಳ್ಳಬೇಡಿ. ಆಧಾರ್ ಕಾರ್ಡ್ ಹೆಸರು ಹೇಳುತ್ತದೆ, ಗುಣ ಹೇಳುವುದಿಲ್ಲ. ಮದುವೆ ಆಗಿದೆಯೋ ಇಲ್ಲವೋ ಅನ್ನುವುದನ್ನೂ ಹೇಳುವುದಿಲ್ಲ.

ಇನ್ನೊಂದು ತಮಾಷೆ ಇದೆ. ಟಿಂಡರ್, ಹಿಂಜ್, ಓಕೆಕ್ಯುಪಿಡ್ ಮೂರೂ ಮ್ಯಾಚ್ ಗ್ರೂಪ್ ಅನ್ನುವ ಒಂದೇ ಅಮೆರಿಕನ್ ಕಂಪನಿಯವು. ನಾವು ಕೆಲಸ ಹುಡುಕುವ ನೌಕ್ರಿ ಸೈಟು, ಮದುವೆಯ ಜೀವನ್‌ಸಾಥಿ, ಎರಡೂ ಇನ್ಫೋ ಎಡ್ಜ್ ಕಂಪನಿಯವು. ಐಲ್ ಅನ್ನುವ ಡೇಟಿಂಗ್ ಆ್ಯಪ್‌ನಲ್ಲೂ ಅದು 2022ರಲ್ಲಿ ಹೆಚ್ಚಿನ ಪಾಲು ಕೊಂಡಿತು. ಕೆಲಸ, ಹೆಂಡತಿ, ಗರ್ಲ್‌ಫ್ರೆಂಡ್ ಎಲ್ಲಕ್ಕೂ ಒಂದೇ ಅಂಗಡಿ. ಒಂದು ಆ್ಯಪ್ ಬೇಜಾರಾಗಿ ಇನ್ನೊಂದಕ್ಕೆ ಹೋದೆ ಅಂತ ನಾವು ಅಂದುಕೊಂಡರೂ ದುಡ್ಡು ಹೋಗುವುದು ಅದೇ ಗಲ್ಲಾಪೆಟ್ಟಿಗೆಗೆ.

18ರಿಂದ 24: ದುಡ್ಡು ಕೊಡಬೇಡಿ

ಅಣ್ಣನ ಮಗಳು ಮೊದಲು ಹಾಕಿಕೊಂಡದ್ದು ಟಿಂಡರ್. 2012ರಲ್ಲಿ ಶುರುವಾದ ಆ್ಯಪ್ ಅದು. ಜನ ಜಾಸ್ತಿ ಇರುವುದೂ ಅದರಲ್ಲೇ. ಹಾಸನದಲ್ಲಿ ಕಾಲೇಜು, ಹಾಸ್ಟೆಲ್ ಎಲ್ಲ ಇರುವುದರಿಂದ ಅವಳ ವಯಸ್ಸಿನವರು ಬೇಕಾದಷ್ಟು ಸಿಕ್ಕರು. ಎರಡೇ ದಿನಕ್ಕೆ ಗೊತ್ತಿಲ್ಲದ ಹುಡುಗರ ‘ಹಾಯ್’ ಐವತ್ತು ದಾಟಿತು. ಮೂರನೇ ದಿನ ಬಂಬಲ್‌ಗೆ ಹೋದಳು.

ಬಂಬಲ್ 2014ರದ್ದು. ಟಿಂಡರ್ ಕಟ್ಟಿದವರಲ್ಲಿ ಒಬ್ಬರಾದ ವಿಟ್ನಿ ವೂಲ್ಫ್ ಹರ್ಡ್ ಅಲ್ಲಿಂದ ಹೊರಬಂದು ಇದನ್ನು ಶುರು ಮಾಡಿದರು. ಹುಡುಗ ಹುಡುಗಿ ಮ್ಯಾಚ್ ಆದರೆ, ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ಇಷ್ಟ ಅಂತ ಒತ್ತಿದರೆ, ಮೊದಲ ಮಾತು ಹುಡುಗಿಯದ್ದೇ ಆಗಬೇಕು ಅನ್ನುವುದು ಅದರ ಹೆಸರುವಾಸಿ ನಿಯಮ. 2024ರಿಂದ ಸ್ವಲ್ಪ ಸಡಿಲ ಮಾಡಿದ್ದಾರೆ. ಹುಡುಗಿ ಒಂದು ಪ್ರಶ್ನೆ ಬರೆದಿಟ್ಟರೆ ಸಾಕು, ಹುಡುಗ ಉತ್ತರ ಕೊಟ್ಟು ಮಾತು ಶುರು ಮಾಡಬಹುದು. ಈ ವಯಸ್ಸಿನ ಹುಡುಗಿಯರಿಗೆ ನನ್ನ ಓಟು ಬಂಬಲ್‌ಗೇ. ಜನ ಕಡಿಮೆ, ಆದರೆ ತಲೆನೋವೂ ಕಡಿಮೆ.

ಅದರಲ್ಲಿ ಒಂದು ತೊಡಕಿದೆ, ನಮ್ಮ ಮಲೆನಾಡಿನವರಿಗೇ ಹೇಳಿ ಮಾಡಿಸಿದ ಹಾಗೆ. ಮ್ಯಾಚ್ ಆದ ಮೇಲೆ 24 ಗಂಟೆಯೊಳಗೆ ಮಾತು ಶುರುವಾಗಬೇಕು, ಇಲ್ಲದಿದ್ದರೆ ಮ್ಯಾಚ್ ಮಾಯ. ಆಷಾಢದ ಮಳೆಗೆ ಮೂಡಿಗೆರೆ, ಕೊಪ್ಪದ ಕಡೆ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಕರೆಂಟ್ ಹಿಂದೆಯೇ ಟವರ್ರೂ ಹೋಗುತ್ತದೆ. ರಜೆಗೆ ಊರಿಗೆ ಬಂದ ಹುಡುಗಿಯ ಪ್ರೀತಿ ಶುರುವಾಗುವ ಮೊದಲೇ ಮಳೆಗೆ ಕೊಚ್ಚಿಹೋಗಿತ್ತು. ಹಿಂಜ್‌ನಲ್ಲಿ ಈ ಗಡಿಬಿಡಿ ಇಲ್ಲ.

ದೂರದ ಲೆಕ್ಕವೂ ಅಷ್ಟೆ. ಆ್ಯಪ್ ಅಳೆಯುವುದು ಕಾಗೆ ಹಾರಿದ ದೂರ. ಬೆಳ್ತಂಗಡಿಯ ಹುಡುಗ ನಕ್ಷೆಯಲ್ಲಿ ಪಕ್ಕದ ಮನೆಯವನ ಹಾಗೆ ಕಾಣುತ್ತಾನೆ. ಮಧ್ಯೆ ಚಾರ್ಮಾಡಿ ಘಾಟಿ ಇದೆ ಅನ್ನುವುದು ಆ್ಯಪ್‌ಗೆ ಗೊತ್ತಿಲ್ಲ.

ಓಕೆಕ್ಯುಪಿಡ್ 2004ರ ಹಳೆಯ ಸೈಟು. ನೂರಾರು ಪ್ರಶ್ನೆ ಕೇಳಿ, ಇಬ್ಬರ ಉತ್ತರ ಎಷ್ಟು ಹೊಂದುತ್ತದೆ ಅಂತ ಶೇಕಡಾ ಲೆಕ್ಕ ಕೊಡುತ್ತದೆ. ಒಂಥರಾ ಜಾತಕ ಕೂಡಿಸಿದ ಹಾಗೆ, ನಕ್ಷತ್ರದ ಬದಲು ಉತ್ತರ. ಕೂತು ಬರೆಯುವ ತಾಳ್ಮೆ ಇದ್ದವರಿಗೆ ಒಳ್ಳೆಯದು.

ಈ ವಯಸ್ಸಿನಲ್ಲಿ ಗೋಲ್ಡು, ಪ್ಲಸ್ಸು ಅನ್ನುವ ಪ್ಲಾನುಗಳಿಗೆ ದುಡ್ಡು ಸುರಿಯುವುದು ಸುಮ್ನೆ ದಂಡ. ಪಾಕೆಟ್ ಮನಿಯಲ್ಲಿ ಬೇಲೂರಿಗೆ ಹೋಗಿ ಬನ್ನಿ.

ಗೌಪ್ಯತೆಗೆ ಮಾತ್ರ ಮೊದಲ ದಿನವೇ ಕೈ ಹಾಕಿ. ಟಿಂಡರ್‌ನಲ್ಲೂ ಹಿಂಜ್‌ನಲ್ಲೂ ನಿಮ್ಮ ಫೋನಿನಲ್ಲಿರುವ ನಂಬರ್‌ಗಳನ್ನು ಬ್ಲಾಕ್ ಮಾಡುವ ದಾರಿ ಇದೆ. ಆ ನಂಬರಿನವರಿಗೆ ನೀವು ಕಾಣುವುದಿಲ್ಲ, ನಿಮಗೆ ಅವರು ಕಾಣುವುದಿಲ್ಲ. ನನ್ನ ಸೊಸೆ ಮೊದಲು ಬ್ಲಾಕ್ ಮಾಡಿದ್ದು ಯಾರನ್ನು ಗೊತ್ತಾ? ನನ್ನನ್ನು. “ಅತ್ತೆ, ಬೇಜಾರು ಮಾಡ್ಕೋಬೇಡಿ, ನೀವೂ ಅಲ್ಲೇ ಓಡಾಡ್ತಿರ್ತೀರಲ್ಲ” ಅಂದಳು.

25ರಿಂದ 34: ಮನೆಯವರ ಕೈಯಲ್ಲಿ ಬಯೋಡೇಟಾ, ನಿಮ್ಮ ಕೈಯಲ್ಲಿ ಫೋನು

ಈ ವಯಸ್ಸಿನಲ್ಲಿ ಎರಡು ದೋಣಿಯಲ್ಲಿ ಕಾಲು. ಒಂದು ಕಡೆ ಅಮ್ಮ ಬ್ರೋಕರ್‌ಗೆ ಜಾತಕ ಕೊಟ್ಟಿರುತ್ತಾರೆ. ಇನ್ನೊಂದು ಕಡೆ ನಾವೇ ನೋಡಿ, ಮಾತಾಡಿ, ಆಮೇಲೆ ಮನೆಗೆ ಹೇಳೋಣ ಅನ್ನುವ ಆಸೆ.

ನಾವೇ ನೋಡುತ್ತೇವೆ ಅನ್ನುವವರಿಗೆ ಹಿಂಜ್ ಒಳ್ಳೆಯದು. ಅದರಲ್ಲಿ ಬರೀ ಮುಖ ನೋಡಿ ತಳ್ಳಲು ಆಗುವುದಿಲ್ಲ. ಪ್ರತಿಯೊಬ್ಬರೂ ಮೂರು ಪ್ರಶ್ನೆಗೆ ಉತ್ತರ ಬರೆದಿರಬೇಕು. ಯಾವ ಫೋಟೊ ಇಷ್ಟವಾಯಿತು, ಯಾವ ಉತ್ತರ ಇಷ್ಟವಾಯಿತು ಅಂತ ಅದರ ಮೇಲೇ ಬೆರಳಿಟ್ಟು ಹೇಳಬೇಕು. ಪುಕ್ಕಟೆಯಾಗಿ ದಿನಕ್ಕೆ ಕೆಲವೇ ಲೈಕ್ ಸಿಗುತ್ತವೆ. ಹಾಗಾಗಿ ಜನ ಯೋಚಿಸಿ ಒತ್ತುತ್ತಾರೆ. ಆದರೆ ನಾನು ನೋಡಿದ ಹಾಗೆ ಚಿಕ್ಕಮಗಳೂರು, ಹಾಸನದಲ್ಲಿ ಹಿಂಜ್ ಹಾಕಿಕೊಂಡವರು ಬಹಳ ಕಡಿಮೆ. ದೂರವನ್ನು ಬೆಂಗಳೂರು, ಮೈಸೂರಿನವರೆಗೆ ಹಿಗ್ಗಿಸಿದರೆ ಮಾತ್ರ ಅದಕ್ಕೊಂದು ಅರ್ಥ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ವಾರದ ಕೊನೆಗೆ ಊರಿಗೆ ಬರುವವರಿಗೆ ಇದೇ ಸರಿ.

ಐಲ್ ಕಂಪನಿಯವರು ಕನ್ನಡದವರಿಗೆಂದೇ ‘ನೀನೇ’ ಅನ್ನುವ ಆ್ಯಪ್ ತಂದರು. ಮಲಯಾಳಿಗಳಿಗೆ ‘ಅರಿಕೆ’, ತಮಿಳರಿಗೆ ‘ಅನ್ಬೇ’ ತಂದ ಹಾಗೆ. ಕನ್ನಡದಲ್ಲಿ ಮಾತಾಡುವ ಸಂಗಾತಿ ಬೇಕು, ಆದರೆ ಜಾತಿಯಿಂದ ಮಾತು ಶುರುವಾಗುವುದು ಬೇಡ ಅನ್ನುವವರು ಒಮ್ಮೆ ನೋಡಬಹುದು. ಹೆಸರಂತೂ ನನಗೆ ಬಹಳ ಇಷ್ಟ.

ಇನ್ನು ನಮ್ಮ ಆಲ್ದೂರಿನ ತಮ್ಮನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅವನಂಥವರು ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಯಲ್ಲಿ ಮನೆಗೊಬ್ಬರಿದ್ದಾರೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಟಿವಿಯವರಿಗೆ ಅದು ನಗುವ ಸುದ್ದಿಯಾಗಿತ್ತು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಅವನು ದೊಡ್ಡದೊಂದು ಮದುವೆ ಸೈಟಿಗೆ ದುಡ್ಡು ಕಟ್ಟಿದ. ಒಂದು ವರ್ಷದಲ್ಲಿ ಮೂರೇ ಮೂರು ಉತ್ತರ. ದುಡ್ಡು ಕಟ್ಟುವವರೆಗೆ ವಾರಕ್ಕೆ ಎರಡು ಸಲ ‘ಸರ್, ಸರ್’ ಅಂತ ಫೋನ್ ಮಾಡುತ್ತಿದ್ದವರು ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ನಾನು ಕೂತು ಅವನ ಪ್ರೊಫೈಲ್ ನೋಡಿದೆ. ಕೆಲಸ ಅನ್ನುವ ಕಡೆ ‘ಕೃಷಿ’, ಆದಾಯದ ಕಡೆ ಖಾಲಿ. ಅಲ್ಲೇ ಇರುವುದು ಗುಟ್ಟು. ಈ ಸೈಟುಗಳಲ್ಲಿ ಹೆಣ್ಣಿನ ಕಡೆಯವರು ಮೊದಲೇ ಸೋಸುವ ಜರಡಿ ಇಟ್ಟಿರುತ್ತಾರೆ: ಕೆಲಸ ಇಂಥದ್ದು, ಆದಾಯ ಇಷ್ಟರ ಮೇಲೆ. ಖಾಲಿ ಬಿಟ್ಟರೆ ನೀವು ಅವರ ಪರದೆಗೆ ಬರುವುದೇ ಇಲ್ಲ. ನಿಮ್ಮನ್ನು ನೋಡಿ ಬೇಡ ಅನ್ನುತ್ತಿಲ್ಲ, ನೋಡುತ್ತಲೇ ಇಲ್ಲ.

ಹಾಗಾಗಿ ತೋಟದ ಹುಡುಗರಿಗೆ ನನ್ನ ಮಾತು ಇಷ್ಟು. ವರ್ಷದ ಆದಾಯ ತುಂಬಿ, ಸುಳ್ಳು ಬೇಡ. ಕಾಫಿ, ಮೆಣಸು, ಹಸು ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಎಷ್ಟೋ ಜನರ ಕೈಗೆ ಬರುವುದು ಅವರು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಓದಿದ್ದನ್ನು ಹಾಕಿ. ಮನೆ ಪೇಟೆಯಿಂದ ಎಷ್ಟು ದೂರ, ನೆಟ್‌ವರ್ಕ್ ಬರುತ್ತದಾ, ಬರುವ ಹುಡುಗಿ ಕೆಲಸಕ್ಕೆ ಹೋಗಬಹುದಾ ಅಂತ ಎರಡು ಸಾಲು ಬರೆಯಿರಿ. ಹುಡುಗಿಯರು ಕೇಳುವುದು ಇದನ್ನೇ. ಬುಲೆಟ್ ಮೇಲೆ ಕೂತು ಕೂಲಿಂಗ್ ಗ್ಲಾಸ್ ಹಾಕಿದ ಫೋಟೊ ದಯವಿಟ್ಟು ತೆಗೆಯಿರಿ. ಟಿಂಡರ್ ಈ ಹುಡುಗರಿಗೆ ಕೆಲಸಕ್ಕೆ ಬರುವುದಿಲ್ಲ. ಕನ್ನಡ ಮ್ಯಾಟ್ರಿಮನಿ, ಶಾದಿ, ಜೀವನ್‌ಸಾಥಿ ಇವುಗಳಲ್ಲಿ ಮೊದಲು ಪುಕ್ಕಟೆ ಖಾತೆ ತೆರೆದು ನಿಮ್ಮ ಸುತ್ತಮುತ್ತಲಿನವರು ಎಲ್ಲಿ ಜಾಸ್ತಿ ಕಾಣುತ್ತಾರೆ ಅಂತ ಒಂದು ತಿಂಗಳು ನೋಡಿ, ಆಮೇಲೆ ಒಂದಕ್ಕೆ ಮಾತ್ರ ದುಡ್ಡು ಕಟ್ಟಿ.

35ರಿಂದ 45: ನೇರ ಮಾತಿನ ಜಾಗ

ಇದು ನನ್ನದೇ ವಯಸ್ಸು. ಟಿಂಡರ್ ನೋಡಿದೆ, ಬಂಬಲ್ ನೋಡಿದೆ, ಕೊನೆಗೆ ಬಂದು ನಿಂತದ್ದು ಮ್ಯಾಟ್ರಿಮನಿಯಲ್ಲಿ. ನನಗೇ ಆಶ್ಚರ್ಯ. ನನ್ನ ಗೆಳತಿಯರು ‘ಮತ್ತೆ ಅದೇ ಜಾತಕದ ಲೋಕಕ್ಕಾ?’ ಅಂತ ನಕ್ಕರು.

ಕಾರಣ ಸರಳ. ಡೇಟಿಂಗ್ ಆ್ಯಪ್‌ನಲ್ಲಿ ‘ನನಗೆ ಡಿವೋರ್ಸ್ ಆಗಿದೆ’ ಅನ್ನುವುದನ್ನು ಯಾವಾಗ ಹೇಳಬೇಕು ಅನ್ನುವುದೇ ಒಂದು ಸಂಕಟ. ಎರಡನೇ ದಿನವಾ, ಎರಡನೇ ಕಾಫಿಗಾ? ಮದುವೆ ಸೈಟಿನಲ್ಲಿ ಅದು ಮೊದಲ ಸಾಲಿನಲ್ಲೇ ಇರುತ್ತದೆ. ಮಕ್ಕಳಿದ್ದಾರಾ, ಯಾರ ಜೊತೆ ಇದ್ದಾರೆ, ಅದೂ ಇರುತ್ತದೆ. ಅದನ್ನು ಓದಿಯೇ ಬಂದವರ ಜೊತೆ ಮಾತು ಹಗುರ. ಮ್ಯಾಟ್ರಿಮನಿ ಡಾಟ್ ಕಾಮ್‌ನವರು ವಿಚ್ಛೇದಿತರಿಗೆಂದೇ ಬೇರೆ ಸೈಟೂ ನಡೆಸುತ್ತಾರೆ.

ಎರಡು ಸಾಲುಗಳ ಮೇಲೆ ಕಣ್ಣಿಡಿ. ಒಂದು, ಪ್ರೊಫೈಲ್ ಮಾಡಿದವರು ಯಾರು ಅನ್ನುವುದು. ನಲವತ್ತರ ಗಂಡಸಿನ ಪ್ರೊಫೈಲನ್ನು ‘ತಂದೆ ತಾಯಿ’ ಮಾಡಿದ್ದರೆ ನಾನು ಮುಂದೆ ಹೋಗುತ್ತೇನೆ. ಇದು ನನ್ನ ಹಟ ಇರಬಹುದು, ಆದರೂ. ಇನ್ನೊಂದು, ‘ವಿಚ್ಛೇದನಕ್ಕೆ ಕಾಯುತ್ತಿದ್ದೇನೆ’ ಅನ್ನುವ ಸಾಲು. ಕೇಸು ನಡೆಯುತ್ತಿದೆ ಅಂದರೆ ಕಾನೂನಿನ ಕಣ್ಣಿಗೆ ಅವರಿನ್ನೂ ಮದುವೆಯಾದವರೇ. ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಬಂದ ಮೇಲೂ ಮೇಲ್ಮನವಿಯ ಅವಧಿ ಮುಗಿದಿರಬೇಕು. ಡಿಕ್ರಿಯ ನಕಲು ತೋರಿಸಿ ಅಂತ ಕೇಳಲು ನಾಚಿಕೆ ಬೇಡ. ನಾನು ಕೇಳಿದ್ದೇನೆ. ಒಬ್ಬರು ಮಾರನೇ ದಿನವೇ ಕಳಿಸಿದರು. ಇನ್ನೊಬ್ಬರು ಮಾಯವಾದರು.

ಫೋಟೊ ಎಲ್ಲರಿಗೂ ಕಾಣದ ಹಾಗೆ ಮಾಡಿ. ನೀವು ಒಪ್ಪಿದವರಿಗೆ ಮಾತ್ರ ತೋರಿಸುವ ಸೌಲಭ್ಯ ಇರುತ್ತದೆ. ಚಿಕ್ಕ ಊರಿನಲ್ಲಿ ಇದೊಂದೇ ಮ್ಯಾಟ್ರಿಮನಿಯ ದೊಡ್ಡ ಲಾಭ ಅಂದರೂ ತಪ್ಪಿಲ್ಲ.

ದುಡ್ಡಿನ ವಿಷಯದಲ್ಲಿ ನಮ್ಮ ವಯಸ್ಸಿನವರಿಗೆ ಒಂದು ಹಳೆಯ ಅನ್ಯಾಯ ಹೇಳುತ್ತೇನೆ. 2015ರಲ್ಲಿ ಟಿಂಡರ್ ದುಡ್ಡಿನ ಪ್ಲಾನ್ ತಂದಾಗ ಅಮೆರಿಕದಲ್ಲಿ 30 ದಾಟಿದವರಿಗೆ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟು ಇಟ್ಟಿತ್ತು! ಕೋರ್ಟು, ಟೀಕೆ ಎಲ್ಲ ಆಗಿ, ವಯಸ್ಸು ನೋಡಿ ಬೆಲೆ ಹಾಕುವುದನ್ನು ನಿಲ್ಲಿಸುತ್ತೇವೆ ಅಂತ 2022ರಲ್ಲಿ ಹೇಳಿತು. ವಯಸ್ಸಾದರೆ ಸಂಗಾತಿಯೂ ದುಬಾರಿ, ನೋಡಿ. ಈಗಲೂ ಇಬ್ಬರ ಫೋನಿನಲ್ಲಿ ಒಂದೇ ಪ್ಲಾನಿಗೆ ಬೇರೆ ಬೇರೆ ಬೆಲೆ ಕಂಡರೆ ಗಾಬರಿಯಾಗಬೇಡಿ, ಕಡಿಮೆಗೆ ಬರುವ ಆಫರ್ ಕಾಯಿರಿ. ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲುವುದಿಲ್ಲ, ಪ್ರೊಫೈಲೂ ಹೋಗುವುದಿಲ್ಲ. ಚಂದಾವನ್ನು ಪ್ಲೇ ಸ್ಟೋರ್‌ನಲ್ಲಿ ನಿಲ್ಲಿಸಬೇಕು, ಖಾತೆಯನ್ನು ಆ್ಯಪ್‌ನ ಒಳಗೆ ಅಳಿಸಬೇಕು. ನಾನು ಇದನ್ನು ಕಲಿತದ್ದು ಮೂರು ತಿಂಗಳು ದುಡ್ಡು ಕಟ್ ಆದ ಮೇಲೆ.

50 ದಾಟಿದವರು

ಚಿಕ್ಕಮ್ಮ ಕೇಳಿದ್ದು ಹೀಗೆ: “ಮದುವೆ ಗಿದುವೆ ಬೇಡಮ್ಮ. ಸಂಜೆ ಹೊತ್ತು ಕಾಫಿ ಕುಡೀತಾ ಮಾತಾಡೋಕೆ ಒಂದು ಜೀವ. ಅಂಥ ಆ್ಯಪ್ ಇದ್ಯಾ?”

ಅಮೆರಿಕದಲ್ಲಿ 50 ದಾಟಿದವರಿಗೆಂದೇ ಅವರ್‌ಟೈಮ್, ಸಿಲ್ವರ್‌ಸಿಂಗಲ್ಸ್ ಅಂತ ಸೈಟುಗಳಿವೆ. ಅವುಗಳನ್ನು ಮೂಡಿಗೆರೆಯಲ್ಲಿ ಕೂತು ತೆರೆದು ಪ್ರಯೋಜನ ಇಲ್ಲ. ನಮ್ಮ ದೇಶದಲ್ಲಿ ಈ ವಯಸ್ಸಿನವರಿಗೆ ಚೆನ್ನಾಗಿ ಕೆಲಸ ಮಾಡಿದ್ದು ಆ್ಯಪ್ ಅಲ್ಲ, ಮುಖಾಮುಖಿ ಸಮಾವೇಶ. ಅಹಮದಾಬಾದಿನ ಅನುಬಂಧ ಫೌಂಡೇಶನ್ ವರ್ಷಗಳಿಂದ ಹಿರಿಯರ ಪರಿಚಯ ಮೇಳ ಮಾಡುತ್ತಾ ಬಂದಿದೆ. ಹತ್ತಿರದಲ್ಲಿ ಅಂಥದ್ದು ಸಿಗದಿದ್ದರೆ ಮದುವೆ ಸೈಟೇ ಗತಿ. ಡೇಟಿಂಗ್ ಆ್ಯಪ್ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳಿದೆ.

ಯಾಕೆಂದರೆ ಮೋಸಗಾರರಿಗೆ ಈ ವಯಸ್ಸು ಬಲು ಇಷ್ಟ. ಗಂಡನ ಇನ್ಶೂರೆನ್ಸ್, ಎಫ್‌ಡಿ, ಒಂಟಿತನ, ಮೂರೂ ಒಂದೇ ಕಡೆ. ಕಥೆ ಹಳೆಯದೇ. ಲಂಡನ್ನಿನ ಡಾಕ್ಟರು, ಹೆಂಡತಿ ತೀರಿಕೊಂಡಿದ್ದಾಳೆ, ನಿಮಗೊಂದು ಉಡುಗೊರೆ ಕಳಿಸಿದ್ದೇನೆ. ಮೂರನೇ ದಿನ ದೆಹಲಿ ಕಸ್ಟಮ್ಸ್‌ನಿಂದ ಅಂತ ಫೋನು, ಸುಂಕ ಕಟ್ಟಿ ಅಂತ. ಈಗಿನ ಹೊಸ ರೂಪ ಇನ್ನೂ ನಯ. ದುಡ್ಡು ಕೇಳುವುದೇ ಇಲ್ಲ. ತಿಂಗಳುಗಟ್ಟಲೆ ‘ಊಟ ಆಯ್ತಾ’ ಅಂತ ಕೇಳಿ, ಆಮೇಲೆ ನಾನು ಒಂದು ಆ್ಯಪ್‌ನಲ್ಲಿ ಟ್ರೇಡಿಂಗ್ ಮಾಡುತ್ತೇನೆ, ನೀವೂ ಸ್ವಲ್ಪ ಹಾಕಿ ನೋಡಿ ಅನ್ನುತ್ತಾರೆ. ಮೊದಲು ಲಾಭ ವಾಪಸ್ ಬರುತ್ತದೆ. ಆಮೇಲೆ ಎಫ್‌ಡಿಯೇ ಹೋಗುತ್ತದೆ.

ಹಾಗೇನಾದರೂ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ಮಾಡುತ್ತೇವೋ ದುಡ್ಡನ್ನು ಬ್ಯಾಂಕಿನಲ್ಲೇ ತಡೆಯುವ ಅವಕಾಶ ಅಷ್ಟು ಜಾಸ್ತಿ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ. ಚಿಕ್ಕಮ್ಮನಿಗೆ ಆ ನಂಬರ್ ನೆನಪಿಡಿಸಲು ನನಗೆ ಕಷ್ಟವಾಗಲಿಲ್ಲ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1930 ಮೀಟರ್ ಅಲ್ವಾ! ಹುಡುಗರಿಗೂ ಇದೇ ನಂಬರ್. ವಿಡಿಯೊ ಕಾಲ್ ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸುತ್ತೇನೆ ಅಂತ ಹೆದರಿಸಿದರೆ ಒಂದು ರೂಪಾಯಿಯೂ ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾರೆ.

ಹಿರಿಯರು ಮೊದಲೇ ಯೋಚಿಸಬೇಕಾದ ಇನ್ನೊಂದು ವಿಷಯ ಆಸ್ತಿ, ಪಿಂಚಣಿ. ಕುಟುಂಬ ಪಿಂಚಣಿ ಬರುತ್ತಿದ್ದರೆ ಮರುಮದುವೆಯಾದ ಮೇಲೆ ಅದು ಏನಾಗುತ್ತದೆ ಅಂತ ಖಜಾನೆಯಲ್ಲಿ ಮೊದಲೇ ಕೇಳಿ. ತೋಟ ಯಾರ ಹೆಸರಿಗೆ ಅನ್ನುವುದನ್ನು ಮಕ್ಕಳ ಮುಂದೆ ಬಾಯಿಬಿಟ್ಟು ಮಾತಾಡಿ. ಮಕ್ಕಳು ಸಿಟ್ಟಾಗುವುದು ಅಮ್ಮನಿಗೆ ಗೆಳೆಯ ಸಿಕ್ಕ ಅಂತಲ್ಲ, ಬಹಳ ಸಲ ಪಹಣಿಯ ಚಿಂತೆಗೆ.

ಮೊದಲ ಭೇಟಿ ಎಲ್ಲಿ?

ಯಾವ ವಯಸ್ಸಾದರೂ, ಯಾವ ಆ್ಯಪ್ ಆದರೂ, ಮೊದಲ ಭೇಟಿ ತೋಟದ ಮನೆಯಲ್ಲಿ, ಹೋಂಸ್ಟೇಯಲ್ಲಿ, ಅವರ ಕಾರಿನಲ್ಲಿ ಬೇಡ. ಹಾಗಂತ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕೂತರೆ ಸಂಜೆಯೊಳಗೆ ಅತ್ತಿಗೆಗೆ ಸುದ್ದಿ. ನಾನು ಕಂಡುಕೊಂಡ ಜಾಗ ಬೇಲೂರು. ಹಾಸನದವರಿಗೂ ಚಿಕ್ಕಮಗಳೂರಿನವರಿಗೂ ನಡುವೆ, ಬಸ್ಸು ಬೇಕಾದಷ್ಟು. ಚೆನ್ನಕೇಶವನ ಗುಡಿಯ ಅಂಗಳದಲ್ಲಿ ಯಾವಾಗಲೂ ಜನ ಇರುತ್ತಾರೆ, ಆದರೆ ಪ್ರವಾಸಿಗರೇ ಜಾಸ್ತಿ, ನಮ್ಮವರು ಕಡಿಮೆ. ಮಾತು ನಿಂತುಹೋದರೆ ಮದನಿಕೆಯರನ್ನು ನೋಡಬಹುದು. ಡಿಕ್ರಿ ನಕಲು ಕಳಿಸಿದ್ದರಲ್ಲ, ಅವರನ್ನು ನಾನು ಅಲ್ಲೇ ನೋಡಿದ್ದು. ಒಳ್ಳೆಯವರು. ದರ್ಪಣಸುಂದರಿಯ ಬಗ್ಗೆ ಮುಕ್ಕಾಲು ಗಂಟೆ ಪಾಠ ಮಾಡಿದರು. ಎರಡನೇ ಭೇಟಿ ಆಗಲಿಲ್ಲ.

ಚಿಕ್ಕಮ್ಮನ ಪ್ರೊಫೈಲ್ ನಾವಿಬ್ಬರೂ ಕೂತು ಬರೆದೆವು. ‘ನನ್ನ ಬಗ್ಗೆ’ ಅನ್ನುವ ಕಡೆ ಅವರು ಹೇಳಿದ ಹಾಗೇ ಹಾಕಿದೆ: ಮಂಡಿ ನೋವಿದೆ, ಕಾಫಿಗೆ ಸಕ್ಕರೆ ಬೇಡ, ಹಳೇ ಹಾಡು ಇಷ್ಟ, ಜಾತಕ ಬೇಡ. ಹತ್ತು ದಿನದಲ್ಲಿ ಮೂರು ಜನ ಆಸಕ್ತಿ ತೋರಿಸಿದರು. ಒಬ್ಬರು ಸಕಲೇಶಪುರದ ನಿವೃತ್ತ ಮೇಷ್ಟ್ರು. ಉತ್ತರ ಕೊಡಿ ಚಿಕ್ಕಮ್ಮ, ಕಾಯ್ತಾ ಇದ್ದಾರೆ ಅಂದೆ.

“ಕಾಫಿ ಕುಯ್ಲು ಮುಗೀಲಿ ತಡಿ, ಕಣದಲ್ಲಿ ಹಣ್ಣು ಹರಡಿದೆ” ಅಂದರು.